ಹೆಡ್ ಬಿಚ್ಚಿದ ಬೇಸಿಗೆ

ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಏರುತ್ತಿರುವುದನ್ನು ನಾನು ನೋಡಿದ್ದೆ. ನೋಡಿಯೂ ಕಾರು ನಿಲ್ಲಿಸಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಯಜಮಾನರ ಕೈಕಾಲಿಗೆ ವ್ಯಾಯಾಮ ಮಾಡಿಸಿಕೊಂಡು ಬಿಳಿಕೆರೆಗೆ ವಾಪಸಾಗುತ್ತಿದ್ದೆವು. ಬೇಸಿಗೆಯ ಮಧ್ಯಾಹ್ನ. ಅವರಿಗೆ ಲಕ್ವ ಹೊಡೆದು ಆಗ ಒಂದೂವರೆ ವರ್ಷವಾಗಿತ್ತು. ಬಲಗೈ, ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ನಾಲಿಗೆ ಅಷ್ಟಿಷ್ಟು ಕೇಳುತ್ತಿತ್ತು. ಇಲವಾಲ ದಾಟಿದ ಮೇಲೆ ಏನೋ ಹೇಳಲು ಹೊರಟು ಸುಮ್ಮನಾದರು. ತಿರುಗಿ ನೋಡಿದರೆ ಪಂಚೆ ಒದ್ದೆಯಾಗಿತ್ತು. ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದರು.

ಆ ರಸ್ತೆಯಲ್ಲಿ ಅವರನ್ನು ಅರಿಯದ ಡ್ರೈವರ್ ಇಲ್ಲ. ಕಾರು ನಿಲ್ಲಿಸಿ ಬಾನೆಟ್ ಎತ್ತಿದರೆ ಎರಡು ನಿಮಿಷದಲ್ಲಿ ಯಾರಾದರೂ ಬಂದು, "ಏನಾಯ್ತಣ್ಣ?" ಎಂದು ಕಿಟಕಿಯೊಳಕ್ಕೆ ತಲೆ ಹಾಕುತ್ತಾರೆ. ಅದೊಂದು ಆಗಬಾರದು ಎನ್ನುವುದು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಮುಳ್ಳು ಕೆಂಪಿಗೆ ಮುಟ್ಟಿತು. ಮನೆ ಮುಂದೆ ನಿಲ್ಲಿಸುವ ಹೊತ್ತಿಗೆ ಬಾನೆಟ್ಟಿನ ಸಂದಿಗಳಿಂದ ಹಬೆ ಏಳುತ್ತಿತ್ತು. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತು. ನಾನು ಮೊದಲು ಅವರನ್ನು ಇಳಿಸಿ, ಬಚ್ಚಲಿಗೆ ಕರೆದೊಯ್ದು, ಬಟ್ಟೆ ಬದಲಿಸಿ ಮಲಗಿಸಿದೆ. ಆಮೇಲೆ ಹೊರಗೆ ಬಂದು ಕಾರು ನೋಡಿದೆ. ಅಷ್ಟರಲ್ಲಿ ಅದರ ಕೆಳಗೆಲ್ಲ ನೀರು ಹರಿದಿತ್ತು.

ನನ್ನ ಗಂಡ ಮೆಕ್ಯಾನಿಕ್. ಮೈಸೂರು-ಹುಣಸೂರು ಹೆದ್ದಾರಿಯ ಪಕ್ಕದಲ್ಲಿ ತಗಡಿನ ಶೆಡ್ಡು, ಅದರ ಹಿಂದೆ ಎರಡು ಕೋಣೆಯ ನಮ್ಮ ಮನೆ. ಇಪ್ಪತ್ತೆರಡು ವರ್ಷ ಅವರು ಆ ಶೆಡ್ಡಿನಲ್ಲಿ ಕೆಲಸ ಮಾಡಿದರು. ಹೊಗೆಸೊಪ್ಪಿನ ಬೇಲು ಹೊರುವ ಗಾಡಿಗಳು, ಎಚ್.ಡಿ. ಕೋಟೆ ಕಡೆಯಿಂದ ಬರುವ ಜೀಪುಗಳು, ಮದುವೆ ದಿಬ್ಬಣದ ವ್ಯಾನುಗಳು, ಎಲ್ಲಾ ಅವರ ಕೈಮೇಲೆ ಹಾದುಹೋಗಿವೆ. ನಾನು ಅಂಗನವಾಡಿ ಕಾರ್ಯಕರ್ತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಊರಿನ ಮಕ್ಕಳಿಗೆ ಊಟ, ಹಾಡು, ಅಕ್ಷರ. ಸಂಜೆ ಒಲೆ ಮುಂದೆ ಕೂತರೆ ಗೋಡೆಯಾಚೆಯಿಂದ ಅವರ ಗಂಟಲು ಕೇಳುತ್ತಿತ್ತು, ಕೆಲಸದವರಿಗೆ ಬೈಯುವುದು, ಕಲಿಸುವುದು, ಮತ್ತೆ ಬೈಯುವುದು. ಅಷ್ಟು ವರ್ಷ ಕೇಳಿ ಕೇಳಿ, ಒಂದು ನಟ್ಟೂ ಮುಟ್ಟದೆ ನನಗೆ ಅರ್ಧ ಎಂಜಿನ್ ಬಾಯಿಪಾಠವಾಗಿತ್ತು. ಕಾರು ಓಡಿಸುವುದನ್ನು ಮಾತ್ರ ಅವರು ಬಿದ್ದ ಮೇಲೆ ಕಲಿತೆ, ಆಸ್ಪತ್ರೆಗೆ ಕರೆದೊಯ್ಯಲು ಬೇರೆ ಯಾರೂ ಇರಲಿಲ್ಲವೆಂದು.

ಮಾರನೆಯ ಬೆಳಿಗ್ಗೆ ಅವರು ತಾವಾಗಿಯೇ, "ಕುರ್ಚಿ ಆಚ್ಗೆ ಆಕು," ಎಂದರು. ನನಗೆ ಆಶ್ಚರ್ಯವಾಯಿತು. ಆರೇಳು ತಿಂಗಳಿಂದ ಅವರು ಯಾವುದನ್ನೂ ಬೇಕೆಂದು ಕೇಳಿದವರಲ್ಲ. ಊಟ ಕೊಟ್ಟರೆ ಉಣ್ಣುವುದು, ಗೋಡೆ ನೋಡುವುದು. ಕುರ್ಚಿಯನ್ನು ಕಾರಿನ ಮುಂದೆ ಹಾಕಿ, ತೋಳು ಹಿಡಿದು ಕೂರಿಸಿದೆ.

"ಬಾನೆಟ್ ಎತ್ತು. ಆಯಿಲ್ ಕಡ್ಡಿ ಈಚ್ಗೆ ತೆಗಿ. ತೋರ್ಸು."

ಕಡ್ಡಿಯ ತುದಿಯಲ್ಲಿ ಕಪ್ಪಗೆ ಇರಬೇಕಾದ ಎಣ್ಣೆ ಹಾಲು ಹೆಚ್ಚಾದ ಟೀಯ ಬಣ್ಣಕ್ಕೆ ತಿರುಗಿ ನೊರೆ ನೊರೆಯಾಗಿತ್ತು. ಅವರು ಎಡಗೈಯ ಹೆಬ್ಬೆರಳಿಂದ ಅದನ್ನು ಮುಟ್ಟಿ, ತೋರುಬೆರಳಿಗೆ ಉಜ್ಜಿ ನೋಡಿದರು.

"ಎಣ್ಣೆಗೆ ನೀರ್ ಓಗದೆ. ಹೆಡ್ ಗ್ಯಾಸ್ಕೆಟ್ ಸುಟ್ಟದೆ ಕಣೆ."

ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ದಪ್ಪ ಲೋಹದ ಗಟ್ಟಿಗೆ ಹೆಡ್ ಅನ್ನುತ್ತಾರೆ. ಅದಕ್ಕೂ ಕೆಳಗಿನ ಒಡಲಿಗೂ ನಡುವೆ ಒಂದು ತೆಳು ಹಾಳೆ ಇರುತ್ತದೆ, ಅದೇ ಗ್ಯಾಸ್ಕೆಟ್. ಅದು ಸುಟ್ಟರೆ ನೀರು, ಎಣ್ಣೆ ಒಂದಾಗುತ್ತವೆ. ಸರಿಮಾಡಲು ಮುಕ್ಕಾಲು ಎಂಜಿನ್ ಬಿಚ್ಚಬೇಕು. ಅದು ನನಗೂ ಗೊತ್ತಿತ್ತು.

ನಾನು ಹೇಳಿಯೇಬಿಟ್ಟೆ: "ಮುಳ್ಳು ಏರ್ತಿದ್ದದ್ದು ನಾನ್ ನೋಡಿದ್ದೆ ಕಣ್ರೀ. ನಿಲ್ಲಿಸ್ನಿಲ್ಲ."

"ನಂಗೊತ್ತು," ಎಂದರು. "ನಾನೂ ನೋಡ್ತಿದ್ದೆ."

ಕಡ್ಡಿ ಒರೆಸಿ ಮತ್ತೆ ಅದರ ಜಾಗಕ್ಕೆ ಇಟ್ಟೆ.

ಅದೇ ದಿನ ಕೆ.ಆರ್. ನಗರದಿಂದ ಫೋನು ಬಂತು. ಮೊದಲು ನಮ್ಮ ಶೆಡ್ಡಿನಲ್ಲೇ ಒಂಬತ್ತು ವರ್ಷ ಕೆಲಸ ಕಲಿತು, ಆಮೇಲೆ ಅಲ್ಲಿ ಸ್ವಂತ ಗ್ಯಾರೇಜು ಮಾಡಿಕೊಂಡವನು. ದಾರಿಯಲ್ಲಿ ಹೋಗುವಾಗ ಯಾರೋ ಹಬೆ ಕಂಡು ಅವನಿಗೆ ಹೇಳಿದ್ದರಂತೆ.

"ಅಕ್ಕಾ, ಸ್ಟಾರ್ಟ್ ಮಾಡ್ಬ್ಯಾಡಿ. ನಾಳಿಕ್ಕೆ ನಾನೇ ಬಂದು ಕಟ್ಕೊಂಡ್ ಓಯ್ತೀನಿ. ನಾಕ್ ದಿನಕ್ಕೆ ಮಾಡಿ ತಂದ್ಬುಡ್ತೀನಿ."

ಯಜಮಾನರು ಅಲ್ಲೇ ಇದ್ದರು. ದನಿ ಯಾರದ್ದೆಂದು ತಿಳಿದ ಕೂಡಲೆ ಎಡಗೈ ಎತ್ತಿ ಬೇಡವೆಂದು ಅಲ್ಲಾಡಿಸಿದರು. ಅವನು ಹೇಳದೆ ಕೇಳದೆ ಬಿಟ್ಟುಹೋದನೆಂದು ಅವರಿಗೆ ಸಿಟ್ಟು. ಹೇಳಿದ್ದರೆ ಬಿಡುತ್ತಿದ್ದರಾ ಎಂದು ನಾನು ಯಾವತ್ತೂ ಕೇಳಲಿಲ್ಲ. ಫೋನು ಇಟ್ಟ ಮೇಲೆ ಅವರು ಹೇಳಿದ್ದು ಇಷ್ಟು:

"ನನ್ ಗಾಡಿ ಬ್ಯಾರೆಯೋರ್ ಮುಟ್ಟಾಂಗಿಲ್ಲ. ನಾನ್ ಯೋಳ್ತೀನಿ, ನೀನ್ ಬಿಚ್ಚು."

ಮೂರು ದಿನ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೇಡ ಎನ್ನಲು ನೂರು ಕಾರಣ ಇದ್ದವು. ಒಂದು ಬೋಲ್ಟ್ ಮುರಿದು ಒಳಗೆ ಉಳಿದರೆ ಇಡೀ ಎಂಜಿನ್ನೇ ಗುಜರಿ. ಜೋಡಿಸುವಾಗ ಬೆಲ್ಟಿನ ಒಂದು ಹಲ್ಲು ಆಚೀಚೆಯಾದರೆ ಒಳಗಿನ ವಾಲ್ವುಗಳೆಲ್ಲ ಬಾಗುತ್ತವೆ. ಇದನ್ನೆಲ್ಲ ಗೋಡೆಯಾಚೆಯಿಂದ ಕೇಳಿದ್ದೆನಲ್ಲ. ನನ್ನ ಕೈ ಉಪ್ಪಿಟ್ಟು ಮಾಡಿದ ಕೈ, ಬಳಪ ಹಿಡಿದ ಕೈ. ಕೆಲಸ ಕೆಟ್ಟರೆ ಆಸ್ಪತ್ರೆಗೆ ಹೋಗುವುದು ನಿಲ್ಲುತ್ತದೆ. ಒಂದು ಕಾಲು ಎಳೆಯುವವರನ್ನು ಬಸ್ಸಿಗೆ ಹತ್ತಿಸಲು ಒಮ್ಮೆ ನೋಡಿದ್ದೆ, ಮೆಟ್ಟಿಲ ಮೇಲೆ ಅವರು, ಕೆಳಗೆ ನಾನು, ಹಿಂದೆ ಸಾಲು ನಿಂತವರ ಗೊಣಗಾಟ. ಕೆ.ಆರ್. ನಗರದವನಿಗೆ ಕೊಟ್ಟುಬಿಡುವುದೇ ಬುದ್ಧಿವಂತಿಕೆ. ಒಂದು ದಿನ ಅವರು ಸಿಟ್ಟಾಗುತ್ತಾರೆ, ಎರಡು ದಿನ ಊಟ ಬಿಡುತ್ತಾರೆ, ಅಷ್ಟೆ.

ಮಾಡೋಣ ಎನ್ನಲು ಒಂದೇ ಕಾರಣ ಇತ್ತು. ಆ ಮೂರು ದಿನವೂ ಅವರು ಬೆಳಿಗ್ಗೆ ಎದ್ದ ಕೂಡಲೆ ಕುರ್ಚಿ ಕೇಳಿದರು. ಕಾರಿನ ಮುಂದೆ ಕೂತು, ಬಾಯಲ್ಲೇ ಏನೋ ಲೆಕ್ಕ ಹಾಕುತ್ತ, ಎಡಗೈ ಬೆರಳನ್ನು ಗಾಳಿಯಲ್ಲಿ ತಿರುಗಿಸುತ್ತ ಇದ್ದರು. ಗೋಡೆ ನೋಡುತ್ತಿದ್ದ ಮನುಷ್ಯ ಎಂಜಿನ್ ನೋಡುತ್ತಿದ್ದರು. ನಾಲ್ಕನೆಯ ದಿನದಿಂದ ನನಗೆ ಬೇಸಿಗೆ ರಜೆ. ಅವತ್ತು ಹಳೆಯ ನೈಟಿಯ ಮೇಲೆ ಅವರ ಖಾಕಿ ಅಂಗಿ ಹಾಕಿಕೊಂಡು ಹೊರಗೆ ಬಂದೆ.

"ಯೋಳಿ, ಮೊದ್ಲು ಯಾವುದು?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ಬಾಯಿಯ ಒಂದೇ ಪಕ್ಕ ನಕ್ಕಿತು. "ಬ್ಯಾಟ್ರಿ ವೈರು. ಮೈನಸ್ ಮೊದ್ಲು."

ಬಿಚ್ಚಿದ ಆ ವಾರ ನಮ್ಮಿಬ್ಬರ ಪಾಲಿಗೆ ಒಳ್ಳೆಯ ವಾರವಾಗಿತ್ತು. ಅವರು ಹೇಳಿದ್ದು ಒಂದೂ ತಪ್ಪಲಿಲ್ಲ. ಪಾನಾ ನಟ್ಟಿನ ಮೇಲೆ ಜಾರಿದ ಸದ್ದಿಗೇ, "ಅದು ದೊಡ್ಡದಾಯ್ತು, ಹನ್ನೆರಡು ತಗೊ," ಎನ್ನುತ್ತಿದ್ದರು. ಒಂದು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆಸಿ, ಬಿಚ್ಚಿದ ಬೋಲ್ಟನ್ನೆಲ್ಲ ಅದದರ ಜಾಗದಲ್ಲೇ ತೂತು ಮಾಡಿ ಚುಚ್ಚಿಸಿದರು. ಬೆಲ್ಟ್ ತೆಗೆಯುವ ಮೊದಲು ಅದು ಸುತ್ತುವ ಹಲ್ಲುಚಕ್ರಗಳ ಮೇಲೆ ವೈಟ್ನರಿನಿಂದ ಗುರುತು ಹಾಕಿಸಿದರು. "ಈ ಬಿಳೀ ಚುಕ್ಕೆ ಈ ಗೆರೆಗೆ ಸರಿಯಾಗ್ ನಿಂತ್ರೆ ಎಂಜಿನ್ ಬದುಕ್ತು. ಮರೀಬ್ಯಾಡ." ಬಿಗಿ ಬಿಡದ ಬೋಲ್ಟಿಗೆ ಪೈಪು ತೊಡಿಸಿ ಎಳೆದಾಗ ನನ್ನ ಬೆರಳ ಗೆಣ್ಣುಗಳ ಚರ್ಮ ಕಿತ್ತುಬಂತು. ಅವರು ಅರಿಶಿನ ತರಿಸಿ ಎಡಗೈಯಿಂದ ತಾವೇ ಹಚ್ಚಿದರು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷದಲ್ಲಿ ಅವರು ನನ್ನ ಗಾಯಕ್ಕೆ ಏನಾದರೂ ಹಚ್ಚಿದ್ದು ಅದೇ ಮೊದಲು.

ಒಂದೆರಡು ಸಲ ಕೈಯಲ್ಲಿ ಕೊಟ್ಟ ಪಾನಾವನ್ನೇ ಮತ್ತೆ ಕೇಳಿದರು. ಒಮ್ಮೆ ಡೀಸೆಲ್ ಪೈಪಿಗೆ ನೀರಿನ ಪೈಪು ಎಂದರು. ನಾನು ತಿದ್ದಿದರೆ, "ನಾನ್ ಅಂಗೇ ಅಂದಿದ್ದು," ಎಂದು ಗದರಿದರು. ಆಯಾಸ ಅಂದುಕೊಂಡೆ. ಆಸ್ಪತ್ರೆಯಲ್ಲಿ ಡಾಕ್ಟರು, "ಮರೆವು ಏನಾದ್ರೂ ಇದೆಯಾ?" ಎಂದು ಕೇಳಿದಾಗಲೆಲ್ಲ ನಾನು ಇಲ್ಲ ಎಂದೇ ಹೇಳಿಕೊಂಡು ಬಂದಿದ್ದೆ.

ಹೆಡ್ ಎತ್ತಲು ಪಕ್ಕದ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರನ್ನು ಕರೆದೆವು. ಅದನ್ನು ಹುಣಸೂರಿನ ಲೇತ್ ಅಂಗಡಿಗೆ ಆಟೋದಲ್ಲಿ ಒಯ್ದು, ತಳ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಮತ್ತು ಹೊಸ ಬೋಲ್ಟ್ ತಂದೆ. ಹೆಡ್ಡನ್ನು ಮತ್ತೆ ಜಾಗಕ್ಕೆ ಕೂರಿಸಿದೆವು. ಹತ್ತು ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಟಾರ್ಕ್ ರೆಂಚ್ ಹಿಡಿದು ನಿಂತೆ. ಎಷ್ಟು ಬಿಗಿಯಾಯಿತು ಎಂದು ಅಳೆದು ತೋರಿಸುವ ಉದ್ದನೆಯ ಪಾನಾ ಅದು. ಅವರು ಬೇರೆಯವರಿಗೆ ಮುಟ್ಟಗೊಡದ ಒಂದೇ ಸಾಮಾನು.

"ಆ ಮೂಲೆಯಿಂದ ಬಾ," ಎಂದರು. "ಸಾಲಾಗಿ ಬಿಗ್ಕೊಂಡ್ ಬಾ."

ನನ್ನ ಕೈ ಹಾಗೇ ನಿಂತಿತು.

ಹೆಡ್ ಬೋಲ್ಟು ನಡುವಿನಿಂದ ಶುರುಮಾಡಿ ಆಚೆ ಈಚೆ ಹೊರಕ್ಕೆ ಬಿಗಿಯುತ್ತ ಹೋಗಬೇಕು. ಮೂಲೆಯಿಂದ ಬಂದರೆ ಹೆಡ್ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ, ಹೊಸ ಗ್ಯಾಸ್ಕೆಟ್ಟೂ ಹೋಗುತ್ತದೆ. ಇದು ನನಗೆ ಹೇಗೆ ಗೊತ್ತು? ಇದೇ ಮನುಷ್ಯ ಇದೇ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ, "ನಡುವಿಂದ ಬಾರ್ಲಾ! ನಡುವಿಂದ!" ಎಂದು ಕೂಗಿದ್ದರಿಂದ. ನನ್ನ ಅಡುಗೆಮನೆಯ ಪಾತ್ರೆಗಳಿಗೂ ಆ ಮಾತು ಗೊತ್ತಿರಬೇಕು.

ಮೆಲ್ಲಗೆ ಕೇಳಿದೆ. "ನಡುವಿಂದ ಅಲ್ವಾ ಬರೋದು?"

"ನಂಗೇ ಕಲಿಸ್ತೀಯಾ?" ಎಂದು ಕಿರುಚಿದರು. ಬಾಯಿಂದ ಜೊಲ್ಲು ಸಿಡಿಯಿತು. "ಇಪ್ಪತ್ ವರ್ಷದಿಂದ ಯಾರ್ ಬಿಗ್ದಿರೋದು, ನೀನಾ?"

ಹಾಗೆ ಕಿರುಚಿದ ಮೇಲೆ ಅವರು ಎಂಜಿನ್ ಕಡೆ ನೋಡಲಿಲ್ಲ. ನನ್ನ ಮುಖ ನೋಡಿದರು. ನನ್ನ ಅಂಗನವಾಡಿಯಲ್ಲಿ ಅಕ್ಷರ ಗೊತ್ತಿಲ್ಲದ ಮಗು ಹಲಗೆಯನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತದೆ. ತಾನು ಹೇಳಿದ್ದು ಸರಿಯೋ ತಪ್ಪೋ ಅಲ್ಲಿ ಕಾಣುತ್ತದೇನೋ ಎಂದು. ಅವರ ಕಣ್ಣು ಹಾಗಿತ್ತು. ಆಗಲೇ ನನಗೆ ತಿಳಿದದ್ದು, ಲಕ್ವ ಇವರ ಕೈ ಮಾತ್ರ ತೆಗೆದುಕೊಂಡಿಲ್ಲ ಎಂದು. ರೆಂಚನ್ನು ಕೆಳಗಿಟ್ಟೆ.

"ತೋಳು ನೋಯ್ತದೆ ಕಣ್ರೀ," ಎಂದೆ. "ನಾಳೆ ಬಿಗಿಯಾನ."

ಅವರನ್ನು ಒಳಗೆ ಕೂರಿಸಿ, ಹಿತ್ತಲಿಗೆ ಹೋಗಿ ಕೆ.ಆರ್. ನಗರಕ್ಕೆ ಫೋನು ಮಾಡಿದೆ. ನಡೆದದ್ದನ್ನು ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಲೈನು ಹೋಯಿತೇನೋ ಎಂದುಕೊಂಡೆ.

"ಮೂಲೆಯಿಂದ ಅಂದ್ರಾ ಅಕ್ಕಾ? ಅಣ್ಣನೇ ಅಂದ್ರಾ?"

"ಹೂಂ."

"ಒಂದ್ ಫೋಟೋ ಕಳ್ಸಿ."

ಕಳಿಸಿದೆ. ಅವನು ಆ ಫೋಟೋದ ಮೇಲೆ ಒಂದೊಂದು ಬೋಲ್ಟಿಗೂ ಕೆಂಪಿನಲ್ಲಿ ಒಂದರಿಂದ ಹತ್ತರವರೆಗೆ ಅಂಕಿ ಬರೆದು ವಾಪಸ್ ಕಳಿಸಿದ. ಮೊದಲ ಸುತ್ತಿನಲ್ಲಿ ಎಷ್ಟು ಬಿಗಿಯಬೇಕು, ಆಮೇಲಿನ ಸುತ್ತಿನಲ್ಲಿ ಎಷ್ಟು ಎಂದು ಕೆಳಗೆ ಬರೆದಿದ್ದ. ಆಮೇಲೆ ಇನ್ನೊಂದು ಸಲ ಫೋನು ಮಾಡಿ, "ಅಣ್ಣಂಗೆ ಗೊತ್ತಾಗೋದು ಬ್ಯಾಡ ಕಣಕ್ಕ," ಎಂದ.

ಬೆಳಿಗ್ಗೆ ಅವರು ಏಳುವ ಮೊದಲೇ ಹೋಗಿ, ಫೋನನ್ನು ಬ್ಯಾಟರಿಯ ಜಾಗದಲ್ಲಿ ಇಟ್ಟುಕೊಂಡು, ಅಂಕಿ ನೋಡಿ ನೋಡಿ ಬಿಗಿದೆ. ಅವರು ಬಂದಾಗ, "ನೀವ್ ಯೋಳ್ದಂಗೇ ಮಾಡ್ದೆ," ಎಂದೆ. ಅಲ್ಲಿಂದ ನಾಲ್ಕು ದಿನ ನಮ್ಮ ಕೆಲಸ ಹೀಗೇ ಸಾಗಿತು. ಅವರು ಹೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ, ಅವರು ಊಟಕ್ಕೆ ಒಳಗೆ ಹೋದಾಗ ಬೇರೆಯೇ ಮಾಡುತ್ತಿದ್ದೆ. ಬೆಲ್ಟ್ ಹಾಕುವಾಗ ತಾವೇ ಹಾಕಿಸಿದ್ದ ಬಿಳಿ ಚುಕ್ಕೆಯನ್ನು ತೋರಿಸಿ, "ಇದ್ಯಾರ್ ಹಾಕಿದ್ದು? ತಪ್ಪದೆ. ಒಂದ್ ಹಲ್ಲು ಮುಂದಕ್ ತಳ್ಳು," ಎಂದರು. ತಳ್ಳಿದ ಹಾಗೆ ಮಾಡಿದೆ. ಬಿಚ್ಚುವ ದಾರಿ ಅವರಿಗೆ ಪೂರ್ತಿ ನೆನಪಿತ್ತು. ಕೂಡಿಸುವ ದಾರಿಯೇ ಇರಲಿಲ್ಲ.

ಕೊನೆಗೆ ಎಣ್ಣೆ, ನೀರು ತುಂಬಿ ಕೀಲಿ ತಿರುಗಿಸಿದೆ. ಮೊದಲ ಸಲ ಕೆಮ್ಮಿತು. ಎರಡನೆಯ ಸಲ ಹತ್ತಿ ಆರಿತು. ಮೂರನೆಯದಕ್ಕೆ ಹಿಡಿಯಿತು. ಸೈಲೆನ್ಸರಿನಿಂದ ಒಂದಿಷ್ಟು ಬಿಳಿ ಹೊಗೆ ಬಂದು ನಿಂತುಹೋಯಿತು. ಎಂಜಿನ್ ಒಂದೇ ಸಮನೆ ಓಡತೊಡಗಿತು. ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿ ಕೇಳಿಸಿಕೊಂಡರು. ಆಮೇಲೆ ಅತ್ತರು.

"ಕೈ ಓದ್ರೆ ಏನಾಯ್ತು," ಎಂದರು. "ತಲೆ ಅದೆಯಲ್ಲ."

ನಾನು ಹೌದು ಎಂದೆ. ಇನ್ನೇನು ಹೇಳಬೇಕಿತ್ತು?

ಒಂದು ತಿಂಗಳು ಅವರು ಬೇರೆ ಮನುಷ್ಯರಾದರು. ಶೇವ್ ಮಾಡಿಸಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಶೆಡ್ಡಿನ ಮುಂದೆ ಕೂರುತ್ತಿದ್ದರು. ದಾರಿಹೋಕರನ್ನೆಲ್ಲ ಕೂಗಿ ಕರೆದು, ಬಾಯಲ್ಲೇ ಹೇಳಿ ಹೆಂಡತಿಯ ಕೈಲಿ ಹೆಡ್ ಇಳಿಸಿದ ಕಥೆ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿಗೂ ಹೇಳಿದರು. ಅವಳು ಚಪ್ಪಾಳೆ ತಟ್ಟಿದಳು. ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಪ್ರತಿಸಲ ಆ ಕಥೆ ಕೇಳುವಾಗಲೂ ಫೋಟೋದ ಮೇಲಿನ ಆ ಕೆಂಪು ಅಂಕಿಗಳು ನೆನಪಾಗುತ್ತಿದ್ದವು. ಆದರೂ ಸಂಜೆ ಅವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರೆ, ಸುಳ್ಳಾದರೂ ಆಗಲಿ, ಒಳ್ಳೆಯದೇ ಆಯಿತು ಎಂದುಕೊಳ್ಳುತ್ತಿದ್ದೆ.

ಮಳೆ ಹಿಡಿದ ಮೇಲೆ ಒಂದು ದಿನ ಅಂಗನವಾಡಿ ಮುಗಿಸಿ ಬಂದರೆ ಶೆಡ್ಡಿನಲ್ಲಿ ಜೀಪು ನಿಂತಿತ್ತು. ಪಕ್ಕದಲ್ಲಿ ಅದರ ಮಾಲೀಕ, ಬೆಟ್ಟದಪುರದ ಹೊಗೆಸೊಪ್ಪಿನ ರೈತ, ಯಜಮಾನರ ಹಳೆಯ ಗಿರಾಕಿ. ನನ್ನನ್ನು ಕಂಡು ಎದ್ದು ನಿಂತರು.

"ನಮಸ್ಕಾರ ಮೇಡಮ್ಮ. ಎಜಮಾನ್ರು ಬಾಯಲ್ಲೇ ಯೋಳಿ ಕಾರ್ ಎಬ್ಬಿಸಿದ್ರಂತಲ್ಲ! ಅದ್ಕೇ ಬಂದೆ. ಇದ್ರ ಎಂಜಿನ್ ಬಿಚ್ಚಿ ನೋಡ್ತೀನಿ ಅಂದವ್ರೆ, ಅಂಗೇ ಬ್ರೇಕೂ ಮಾಡ್ಕೊಡ್ತೀನಿ ಅಂದವ್ರೆ."

"ನಾವಿಬ್ರೂ ಮಾಡ್ತೀವಿ," ಎಂದರು ಯಜಮಾನರು. "ಎಂಟ್ ದಿನ ಸಾಕು."

"ಜೀಪು ಯಾತಕ್ಕೆ ಓಡಿಸ್ತೀರಿ ಅಣ್ಣ ಈಗ?" ಎಂದು ಕೇಳಿದೆ.

"ಕೂಲಿ ಎಣ್ಣಾಳ್ ಕರ್ಕೊಂಡ್ ಬರಕ್ಕೆ. ಬೆಟ್ಟದ ಮಗ್ಗುಲಿಂದ ಹದಿನೈದು ಜನ ಬತ್ತಾರೆ, ಸೊಪ್ಪಿಗೆ ಕಳೆ ತೆಗಿಯಕ್ಕೆ."

ಜೀಪು ಬಿಟ್ಟು ಆತ ಬಸ್ಸಿಗೆ ಹೋದರು. ನಾನು ಒಳಗೆ ಹೋಗಿ ಅಕ್ಕಿ ತೊಳೆದೆ. ಕಾರು ನಮ್ಮದಾಗಿತ್ತು. ಕೆಟ್ಟಿದ್ದರೆ ನಮ್ಮ ಎಂಜಿನ್ ಕೆಡುತ್ತಿತ್ತು, ಅಷ್ಟೇ. ಈ ಜೀಪಿನ ಹಿಂದೆ ಹದಿನೈದು ಹೆಂಗಸರು ಒತ್ತಿಕೊಂಡು ಕೂರುತ್ತಾರೆ. ಅವರಲ್ಲಿ ಒಬ್ಬಿಬ್ಬರ ಮಡಿಲಲ್ಲಿ ಮಗುವೂ ಇರಬಹುದು. ಹಿತ್ತಲಿಗೆ ಹೋಗಿ ಕೆ.ಆರ್. ನಗರಕ್ಕೆ ಫೋನು ಮಾಡಿದೆ. ಈ ಸಲ ಅವನು ಫೋಟೋ ಕೇಳಲಿಲ್ಲ.

"ಬ್ರೇಕ್ ಕೆಲ್ಸ ಫೋನಲ್ಲಿ ನಾನ್ ಯೋಳಕಿಲ್ಲ ಕಣಕ್ಕ. ನನ್ ಕೈಲಿ ಆಗಕಿಲ್ಲ. ಅಣ್ಣಂಗೆ ಯೋಳ್ಬುಡಿ."

"ನೀನ್ ಬಂದ್ ಯೋಳು."

"ನಾನ್ ಯೋಳುದ್ರೆ ಅವ್ರ್ ಸತ್ತೋಯ್ತಾರೆ ಅಕ್ಕಾ. ನೀವೇ ಯೋಳ್ಬೇಕು."

ಅವತ್ತು ಸಂಜೆ ದೀಪ ಹಚ್ಚಿದ ಮೇಲೆ ಅವರ ಎದುರು ನೆಲದ ಮೇಲೆ ಕೂತೆ. ಅವರು ಜೀಪಿನ ಬಗ್ಗೆಯೇ ಮಾತಾಡುತ್ತಿದ್ದರು. ಯಾವ ಸಾಮಾನು ತರಬೇಕು, ಎಲ್ಲಿಂದ ತರಬೇಕು. ನಾನು ನಡುವೆ ಬಾಯಿ ಹಾಕಿದೆ.

"ನಮ್ ಕಾರಿನ ಬೋಲ್ಟ್ ನಾನ್ ನೀವ್ ಯೋಳ್ದಂಗೆ ಬಿಗೀಲಿಲ್ಲ ಕಣ್ರೀ."

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಮೂಲೆಯಿಂದ ಬಾ ಎಂದದ್ದು, ಬಿಳಿ ಚುಕ್ಕೆ ತಪ್ಪು ಎಂದದ್ದು, ನಾನು ಬೇರೆ ಮಾಡಿದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಹೇಳುತ್ತ ಹೋದಂತೆ ಅವರ ಮುಖದಲ್ಲಿ ನೆಟ್ಟಗಿದ್ದ ಅರ್ಧವೂ ಕೆಳಕ್ಕೆ ಇಳಿಯಿತು.

"ಯಾರ್ ಯೋಳ್ಕೊಟ್ಟಿದ್ದು?"

ಯಾರೆಂದು ಹೇಳಿದೆ.

ಅವರು ಕೇಳಿದರು, "ನಕ್ಕನಾ?"

"ಇಲ್ಲ. ಮಾತೇ ಆಡ್ನಿಲ್ಲ."

"ಆ ಫೋಟೋ ತಾ."

ಫೋನಿನಲ್ಲಿ ಅಂಕಿ ಬರೆಯದ ಫೋಟೋ ಇತ್ತು. ಅದನ್ನೇ ತೆರೆದು ಅವರ ತೊಡೆಯ ಮೇಲೆ ಇಟ್ಟೆ. ಎಡಗೈ ತೋರುಬೆರಳನ್ನು ಪರದೆಯ ಮೇಲೆ ತಂದು, ನಡುವಿನ ಒಂದು ಬೋಲ್ಟ್ ಮುಟ್ಟಿದರು. ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿಕೊಂಡೆ. ನನ್ನ ಮುಖ ಅವರಿಗೆ ಏನನ್ನೂ ಹೇಳಬಾರದು ಎಂದು. ಎರಡನೆಯದನ್ನು ಮುಟ್ಟಿದರು. ಮೂರನೆಯದಕ್ಕೆ ಬೆರಳು ಗಾಳಿಯಲ್ಲೇ ನಿಂತಿತು. ಆಚೆ ಹೋಯಿತು, ಈಚೆ ಬಂತು. ಪರದೆ ತಾನಾಗಿಯೇ ಆರಿಹೋಯಿತು. ಅವರು ಫೋನನ್ನು ನನ್ನ ಕಡೆ ತಳ್ಳಿದರು.

"ಅವತ್ತೇ ಯೋಳ್ಬೇಕಾಗಿತ್ತು ನೀನು," ಎಂದರು. "ಜನದ್ ಮುಂದೆ ನನ್ನ ಅಷ್ಟೊಂದ್ ಮಾತಾಡಕ್ ಬುಟ್ಟೆ."

ಅವರು ನಗುತ್ತಿದ್ದ ಆ ಒಂದು ತಿಂಗಳನ್ನು ಅವರಿಗಾಗಿ ಉಳಿಸಿದ್ದೆನೆಂದು ನಾನು ತಿಳಿದಿದ್ದೆ. ಅವರಿಗೆ ಅದೇ ತಿಂಗಳು ಊರಿಗೆಲ್ಲ ನಗೆಪಾಟಲಾದ ತಿಂಗಳಾಯಿತು. ಯಾರೂ ನಕ್ಕಿರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಅವರು ಅದನ್ನು ನಂಬಲಿಲ್ಲ.

ಎರಡು ದಿನ ಬಿಟ್ಟು ಕೆ.ಆರ್. ನಗರದವನು ಬಂದು ಜೀಪನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಹೋಗುವ ಮೊದಲು ಚಪ್ಪಲಿ ಬಿಟ್ಟು ಹೊಸ್ತಿಲ ಹತ್ತಿರ ನಿಂತು, "ಅಣ್ಣಾ," ಎಂದ. ಯಜಮಾನರು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವನು ಇನ್ನೊಂದು ಸಲ ಕರೆದ. ಆಮೇಲೆ ಅಂಗಿಯ ತೋಳಿಗೆ ಕಣ್ಣು ಒರೆಸಿಕೊಂಡು ಹೊರಟ. ಬೆಟ್ಟದಪುರದವರಿಗೆ ನಾನೇ ಫೋನಿನಲ್ಲಿ ವಿಷಯ ತಿಳಿಸಿದೆ. ಅವರು ಒಳ್ಳೆಯ ಮನುಷ್ಯರು. "ಆಗ್ಲಿ ಬುಡಿ ಮೇಡಮ್ಮ, ಆರೋಗ್ಯ ನೋಡ್ಕೊಳ್ಳಿ," ಎಂದರು.

ಅವತ್ತಿನಿಂದ ಯಜಮಾನರು ನಮ್ಮ ಕಾರು ಹತ್ತಿಲ್ಲ. ಎಷ್ಟು ಕರೆದರೂ, ಗೋಗರೆದರೂ ಇಲ್ಲ. ಬೇರೆ ಗಾಡಿ ಮಾತಾಡಿ ಎರಡು ಸಲ ಆಸ್ಪತ್ರೆಗೆ ಕರೆದೊಯ್ದೆ. ಎರಡನೆಯ ಸಲ ಡಾಕ್ಟರು ಮರೆವಿನ ಬಗ್ಗೆ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಕ್ಕದಲ್ಲೇ ಕೂತಿದ್ದ ಅವರು ಕೇಳಿಸಿಕೊಂಡರು. ಡಾಕ್ಟರು ಸ್ಕ್ಯಾನ್ ಮಾಡಿಸಿ, ಮಿದುಳಿಗೆ ಸಣ್ಣ ಸಣ್ಣ ಪೆಟ್ಟುಗಳು ಇನ್ನೂ ಬೀಳುತ್ತಿವೆ, ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು ಎಂದರು. ಮೂರನೆಯ ಸಲ ಅವರು ಮನೆಯಿಂದಲೇ ಹೊರಡಲಿಲ್ಲ. ವ್ಯಾಯಾಮ ನಿಂತಿತು. ಬಲಗೈ ಬೆರಳುಗಳು ಒಳಕ್ಕೆ ಮುದುಡಿಕೊಂಡಿವೆ. ದಿನಾ ಸಂಜೆ ಎಣ್ಣೆ ಹಚ್ಚಿ ಒಂದೊಂದನ್ನೇ ಬಿಡಿಸುತ್ತೇನೆ. ಬೆಳಿಗ್ಗೆ ಮತ್ತೆ ಮುದುಡಿರುತ್ತವೆ.

ಕಾರು ಚೆನ್ನಾಗಿ ಓಡುತ್ತಿದೆ. ಹುಣಸೂರಿನ ಮೀಟಿಂಗಿಗೆ, ಎಚ್.ಡಿ. ಕೋಟೆಯಲ್ಲಿರುವ ಅಕ್ಕನ ಮನೆಗೆ ನಾನೊಬ್ಬಳೇ ಹೋಗಿಬರುತ್ತೇನೆ. ಓಡಿಸುವಾಗ ಒಮ್ಮೊಮ್ಮೆ ಯೋಚನೆ ಬರುತ್ತದೆ. ಮೊದಲ ದಿನವೇ ಗ್ಯಾರೇಜಿಗೆ ಕೊಟ್ಟಿದ್ದರೆ ಅವರಿಗೂ ನನಗೂ ಇದು ಇಷ್ಟು ಬೇಗ ತಿಳಿಯುತ್ತಿರಲಿಲ್ಲ. ಇಲ್ಲಾ, ಅವರು ಹೇಳಿದ ಹಾಗೆಯೇ ಮೂಲೆಯಿಂದ ಬಿಗಿದು ಎಂಜಿನ್ ಹಾಳುಮಾಡಿ, ಎಲ್ಲಾ ನನ್ನ ಕೈಯ ತಪ್ಪೆಂದು ಹೊತ್ತುಕೊಂಡಿದ್ದರೆ? ಆಗ ಅವರು ನನಗೆ ಬೈಯುತ್ತಿದ್ದರು, ಮಾತು ಬಿಡುತ್ತಿರಲಿಲ್ಲ. ಈ ಯೋಚನೆಗಳಿಂದ ಏನೂ ಗಿಟ್ಟುವುದಿಲ್ಲ. ಊರು ಬರುವ ಹೊತ್ತಿಗೆ ಬಿಟ್ಟುಬಿಡುತ್ತೇನೆ.

ಈ ಸಲದ ಆಯುಧಪೂಜೆಗೆ ಶೆಡ್ಡು ತೊಳೆಯಲೇ ಎಂದು ಕೇಳಿದೆ. "ಬ್ಯಾಡ," ಎಂದರು. ಪ್ರತಿವರ್ಷ ಪಾನಾಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿ, ಕುಂಕುಮ ಇಟ್ಟು, ಬರುವ ಹೋಗುವ ಗಾಡಿಯವರಿಗೆಲ್ಲ ಬೂಂದಿ ಹಂಚುತ್ತಿದ್ದ ಮನೆ. ನಾನು ಕಾರನ್ನು ಮಾತ್ರ ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಬೂದುಗುಂಬಳಕಾಯಿಯನ್ನು ನಿವಾಳಿಸಿ ರಸ್ತೆಯ ಅಂಚಿನಲ್ಲಿ ಒಡೆದೆ. ಕಾರನ್ನು ಸ್ವಲ್ಪ ಮುಂದೆ ಸರಿಸಿ ನಿಲ್ಲಿಸಿ ಒಳಗೆ ಬಂದೆ.

ಅವರು ಮಂಚದ ಮೇಲೆ ಎದ್ದು ಕೂತಿದ್ದರು. ಆ 'ಬ್ಯಾಡ' ಬಿಟ್ಟರೆ ಎರಡು ದಿನದಿಂದ ಒಂದು ಮಾತೂ ಆಡಿರಲಿಲ್ಲ.

"ಕುಂಬಳಕಾಯಿ ಒಡ್ದ್ಯಾ?"

"ಹೂಂ, ಒಡ್ದೆ."

"ಚೂರೆಲ್ಲ ಎತ್ತಾಕು. ಬೈಕ್‌ನೋರು ಜಾರ್ತಾರೆ."

ಮೊರ, ಪೊರಕೆ ತೆಗೆದುಕೊಂಡು ಮತ್ತೆ ಹೊರಗೆ ಹೋದೆ. ಹಬ್ಬದ ದಿನ, ರಸ್ತೆಯ ಮೇಲೆ ಗಾಡಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅವು ದಾಟುವವರೆಗೆ ಕಾದು, ನಡುನಡುವೆ ಬಗ್ಗಿ, ಕುಂಕುಮ ಮೆತ್ತಿದ ಚೂರುಗಳನ್ನು ಒಂದೂ ಬಿಡದೆ ಆರಿಸಿಕೊಂಡೆ.